ನಿಗಡಿಯ ನಳ, ಊರಿನ ಹೊಳೆ

ಮೇ ತಿಂಗಳು ಬಂತೆಂದರೆ ನನ್ನ ತಮ್ಮನ ಫೋನು ತಪ್ಪುವುದಿಲ್ಲ. "ಅಣ್ಣಾ, ಅರಾಮ ಇದ್ದೀಯೇನು?" ಅಂತ ಶುರು ಮಾಡಿ ಎರಡನೇ ಮಾತಿಗೇ ವಿಷಯಕ್ಕೆ ಬರುತ್ತಾನೆ. "ಹೊಳಿ ಪೂರಾ ಬತ್ತೈತಿ. ಬರೇ ಮರಳು ಕಾಣ್ತೈತಿ. ನಿಮ್ಮ ಕಡೆಯವ್ರು ನೀರು ಬಿಡ್ತಾರೇನು, ಸ್ವಲ್ಪ ಕೇಳಿ ನೋಡಲ್ಲ."

ನಿಮ್ಮ ಕಡೆಯವ್ರು! ಐವತ್ತು ವರ್ಷದಿಂದ ಪುಣೆಯ ನಿಗಡಿಯಲ್ಲಿದ್ದೇನೆ, ನಿಜ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕನಸಿನಲ್ಲಿ ಎರಡೂ ಕಲಸುಮೇಲೋಗರ. ಹಾಗಂತ ಉಜನಿ ಡ್ಯಾಮಿನ ಬಾಗಿಲ ಕೀಲಿ ನನ್ನ ಜೇಬಿನಲ್ಲಿದೆ ಅಂತ ಇವನಿಗೆ ಯಾರು ಹೇಳಿದರೋ. ಊರಿನವರ ಲೆಕ್ಕದಲ್ಲಿ ನಾನು 'ಮ್ಯಾಲಿನವ'. ಹೊಳೆಯ ಮೇಲಿನ ಕಡೆ ಇರುವವ.

ನಮ್ಮದು ಇಂಡಿ ತಾಲೂಕು, ಭೀಮಾ ತೀರದ ಒಂದು ಸಣ್ಣ ಹಳ್ಳಿ. (ಭೀಮಾ ತೀರ ಅಂದ ಕೂಡಲೇ ನಿಮಗೆ ಸಿನಿಮಾದ ಪಿಸ್ತೂಲು ನೆನಪಾದರೆ ಅದು ನನ್ನ ತಪ್ಪಲ್ಲ. ನನಗೆ ನೆನಪಾಗುವುದು ಬಿಳಿಜೋಳ ಮತ್ತು ನಿಂಬೆಹಣ್ಣು.) ಒಂದು ಸಲ ತಮ್ಮನ ಮೇಲೆ ರೇಗಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಸುಮ್ಮನೆ ಕೂತು ನಕಾಶೆ ಬಿಡಿಸಿ ನೋಡಿದೆ. ನೋಡಿದ ಮೇಲೆ ಅವನು ಹೇಳಿದ್ದರಲ್ಲಿ ಅಂಥ ತಪ್ಪೇನೂ ಕಾಣಲಿಲ್ಲ.

ನಿಗಡಿ ಇರುವುದು ಎರಡು ನದಿಗಳ ನಡುವಿನ ಎತ್ತರದ ಮೇಲೆ. ದಕ್ಷಿಣಕ್ಕೆ ಪವನಾ, ಉತ್ತರಕ್ಕೆ ಇಂದ್ರಾಯಣಿ. ಈ ಎತ್ತರದ ಮೇಲೆ ಬಿದ್ದ ಮಳೆ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ಇಳಿಯುತ್ತದೆ. ಇಂದ್ರಾಯಣಿ ದೇಹು, ಆಳಂದಿ ದಾಟಿ ತುಳಾಪುರದಲ್ಲಿ ಭೀಮೆಗೆ ಸೇರುತ್ತದೆ. ಪವನಾ ದಾಪೋಡಿಯ ಹತ್ತಿರ ಮುಳಾ ನದಿಗೆ, ಮುಳಾ ಪುಣೆಯ ಸಂಗಮದಲ್ಲಿ ಮುಠಾ ನದಿಗೆ, ಅವೆರಡೂ ಕೂಡಿ ರಾಂಜಣಗಾವ ಸಾಂಡಸದ ಬಳಿ ಅದೇ ಭೀಮೆಗೆ. ಮುಂದೆ ದೌಂಡ, ಉಜನಿ, ಪಂಢರಪುರ. ದಕ್ಷಿಣ ಸೋಲಾಪುರದ ಕೂಡಲದಲ್ಲಿ ಸೀನಾ ಬಂದು ಕೂಡುತ್ತದೆ. ಆಮೇಲೆ ಒಂದು ದಂಡೆ ಮಹಾರಾಷ್ಟ್ರ, ಇನ್ನೊಂದು ದಂಡೆ ಕರ್ನಾಟಕ, ಎರಡೂ ಕಡೆ ಕನ್ನಡ. ಅಲ್ಲೇ ನಮ್ಮೂರು. ಅಂದರೆ ನಮ್ಮ ಮನೆಯ ಮಾಳಿಗೆ ಮೇಲೆ ಬಿದ್ದ ಮಳೆಹನಿ ಯಾವ ಕಡೆ ಉರುಳಿದರೂ ಅದರ ದಾರಿ ತಮ್ಮನ ಹೊಲದ ಬದುವಿನ ಪಕ್ಕದಲ್ಲೇ ಹೋಗುತ್ತದೆ. ದಾರಿಯಲ್ಲಿ ಯಾರೂ ತಡೆಯದಿದ್ದರೆ.

ಶಾಲೆಯಲ್ಲಿ ನಾವೆಲ್ಲ ಜಲಚಕ್ರದ ಚಿತ್ರ ಬರೆದವರೇ. ಒಂದು ಸಮುದ್ರ, ಒಂದು ಸೂರ್ಯ, ಹತ್ತಿಯಂಥ ಮೋಡ, ಎರಡು ತ್ರಿಕೋನದ ಗುಡ್ಡ, ಒಂದು ಸೊಟ್ಟ ನದಿ, ಸುತ್ತ ಬಾಣದ ಗುರುತು. ಎಷ್ಟು ಚೆಂದ ತಿರುಗುತ್ತದೆ! ಆದರೆ ಆ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲ. ನಮ್ಮ ಭೀಮೆಯ ಚಿತ್ರ ಬರೆಯಲು ಕೂತರೆ ಬಾಣಗಳಿಗಿಂತ ಮನುಷ್ಯರೇ ಹೆಚ್ಚಾಗುತ್ತಾರೆ.

ಮೊದಲು ಮನುಷ್ಯರಿಲ್ಲದ ಭಾಗ ಹೇಳಿಬಿಡುತ್ತೇನೆ. ಬೇಸಿಗೆಯ ಬಿಸಿಲಿಗೆ ಸಮುದ್ರದ ನೀರು ಆವಿಯಾಗುತ್ತದೆ. ಉಪ್ಪು ಕೆಳಗೇ ಉಳಿಯುತ್ತದೆ, ಸಿಹಿನೀರು ಮಾತ್ರ ಗಾಳಿ ಹತ್ತುತ್ತದೆ. ಜೂನ್ ಹೊತ್ತಿಗೆ ನೈಋತ್ಯದ ಗಾಳಿ ಅದನ್ನು ಹೊತ್ತು ತಂದು ಸಹ್ಯಾದ್ರಿಯ ಗೋಡೆಗೆ ಬಡಿಯುತ್ತದೆ. ಗೋಡೆ ದಾಟಬೇಕೆಂದರೆ ಮೇಲೇರಬೇಕು, ಏರಿದಂತೆ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟು ಆವಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹನಿಗಟ್ಟಿ ಸುರಿದುಬಿಡುತ್ತದೆ. ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮೀರಿ ಮಳೆ. ಘಟ್ಟ ಇಳಿದ ಗಾಳಿ ಮತ್ತೆ ಬೆಚ್ಚಗಾಗಿ ಒಣಗುತ್ತದೆ. ಪುಣೆಯ ಹೊತ್ತಿಗೆ ಏಳುನೂರು ಚಿಲ್ಲರೆ, ವಿಜಾಪುರದ ಕಡೆ ಹೋದರೆ ಆರುನೂರು ಕಂಡರೆ ಪುಣ್ಯ. ನಾವು ಮಳೆನೆರಳಿನವರು. ನೆರಳು ಅಂದರೆ ತಂಪು ಅಂತ ತಿಳಿದವರು ನಮ್ಮೂರಿಗೆ ಏಪ್ರಿಲ್‌ನಲ್ಲಿ ಒಮ್ಮೆ ಬಂದು ಹೋಗಲಿ.

ಇನ್ನೊಂದು ಮಾತು. ಆವಿಯಾದ ನೀರು ಆಕಾಶದಲ್ಲಿ ಇರುವುದು ಸರಾಸರಿ ಒಂಬತ್ತು-ಹತ್ತು ದಿನ ಮಾತ್ರ. ಸಮುದ್ರದಲ್ಲಾದರೆ ಒಂದು ಹನಿ ಸಾವಿರಾರು ವರ್ಷ ಬಿದ್ದಿರುತ್ತದೆ. ಮೋಡ ಅನ್ನುವುದು ಗೋದಾಮು ಅಲ್ಲ, ಎಸ್‌ಟಿ ಸ್ಟ್ಯಾಂಡು. ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಘಟ್ಟದ ಈ ಕಡೆ, ಆ ಕಡೆ ಮಳೆಯಲ್ಲಿ ಇಷ್ಟು ಅಂತರ ಇದೆ ಅನ್ನುವುದು ಹೊಸ ಸಂಗತಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಳೆ ಅಳೆಯುವ ಪಾತ್ರೆಯ ಮಾತಿದೆ, ಯಾವ ದೇಶಕ್ಕೆ ಎಷ್ಟು ದ್ರೋಣ ಮಳೆ ಅನ್ನುವ ಲೆಕ್ಕವೂ ಇದೆ. ದಖ್ಖನದ ಅಶ್ಮಕ ದೇಶಕ್ಕೆ ಹದಿಮೂರೂವರೆ ದ್ರೋಣ. ಅಪರಾಂತಕ್ಕೆ, ಅಂದರೆ ಕೊಂಕಣಕ್ಕೆ, ಅಳತೆಯೇ ಇಲ್ಲ. ನಮ್ಮ ಕನ್ನಡದ ಚಾವುಂಡರಾಯ (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಇವನು ಎರಡನೆಯವನು) 1025ರ ಸುಮಾರಿಗೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ನೆಲದೊಳಗಿನ ನೀರು ಎಲ್ಲಿದೆ ಅಂತ ಗುರುತಿಸುವ ವಿಷಯಕ್ಕೇ ಒಂದು ಅಧ್ಯಾಯ ಕೊಟ್ಟ. ಮಳೆನೆರಳಿನ ನಾಡಿನಲ್ಲಿ ಕೂತು ಬರೆದವನು, ಇನ್ನೇನು ಬರೆದಾನು?

ಹಾಗೆ ನೋಡಿದರೆ ಮಳೆಯಿಂದಲೇ ನದಿ ಅನ್ನುವುದು ಯುರೋಪಿನ ಪಂಡಿತರಿಗೆ ಬಹಳ ಕಾಲ ನಂಬಿಕೆಯಾಗಿರಲಿಲ್ಲ. ಸಮುದ್ರದ ನೀರು ಭೂಮಿಯೊಳಗಿನ ಸುರಂಗಗಳಲ್ಲಿ ಹತ್ತಿ ಬಂದು ಗುಡ್ಡದ ಮೇಲೆ ಚಿಲುಮೆಯಾಗಿ ಉಕ್ಕುತ್ತದೆ ಅಂತಲೇ ಅನೇಕರು ವಾದಿಸುತ್ತಿದ್ದರು. 1674ರಲ್ಲಿ ಪ್ಯಾರಿಸ್ಸಿನ ಪಿಯೆರ್ ಪೆರೋ ಅನ್ನುವವನು ಸೇನ್ ನದಿಯ ಮೇಲ್ಭಾಗದಲ್ಲಿ ಬಿದ್ದ ಮಳೆಯನ್ನೂ ಹರಿದ ನೀರನ್ನೂ ಲೆಕ್ಕ ಹಾಕಿದ. ಮಳೆ ನದಿಯ ಆರು ಪಟ್ಟು ಇತ್ತು! (ಸಿಂಡ್ರೆಲಾ ಕಥೆ ಬರೆದ ಚಾರ್ಲ್ಸ್ ಪೆರೋ ಇವನ ತಮ್ಮ. ನೋಡಿ, ಅಲ್ಲೂ ಅಣ್ಣ ನೀರಿನ ಲೆಕ್ಕ, ತಮ್ಮ ಕಥೆ.) ಹತ್ತಾರು ವರ್ಷದಲ್ಲಿ ಧೂಮಕೇತುವಿನ ಹ್ಯಾಲಿ ಒಂದು ಪಾತ್ರೆಯಲ್ಲಿ ನೀರು ಬೆಚ್ಚಗೆ ಮಾಡಿ ಎಷ್ಟು ಆವಿಯಾಯಿತು ಅಂತ ಅಳೆದು, ಸಮುದ್ರದಿಂದ ಏಳುವ ಆವಿ ನದಿಗಳಿಗೆ ಸಾಕಾಗಿ ಉಳಿಯುತ್ತದೆ ಅಂತ ತೋರಿಸಿದ. ಚಕ್ರ ಪೂರ್ತಿಯಾಯಿತು, ಕಾಗದದ ಮೇಲೆ.

ನಮ್ಮಲ್ಲಿ ಈ ಲೆಕ್ಕಕ್ಕೆ ಜೀವದ ಬೆಲೆ ಬಂದದ್ದು 1876-78ರ ಬರದಲ್ಲಿ. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆ ಅಂತ ಹೆಸರು. ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ಏಟು ತಿಂದ ಜಿಲ್ಲೆಗಳಲ್ಲಿ ಅದೂ ಒಂದು. ಬರದ ಮುಂಚಿನ ವರ್ಷವಷ್ಟೇ, 1875ರಲ್ಲಿ, ಹವಾಮಾನ ಇಲಾಖೆ ಹುಟ್ಟಿತ್ತು. ಅದರ ಮುಖ್ಯಸ್ಥ ಬ್ಲಾನ್‌ಫರ್ಡ್ ಮುಂದಿನ ಮಳೆಗಾಲ ಹೇಗಿರುತ್ತದೆ ಅಂತ ಮೊದಲೇ ಹೇಳುವ ದಾರಿ ಹುಡುಕಿದ, 1886ರಿಂದ ಹಿಮಾಲಯದ ಹಿಮ ನೋಡಿ ಮುಂಗಾರಿನ ಭವಿಷ್ಯ ಹೇಳತೊಡಗಿದ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಗಣಿತದವನು. ಪೆಸಿಫಿಕ್ ಸಾಗರದ ಎರಡು ತುದಿಗಳ ನಡುವೆ ಗಾಳಿಯ ಒತ್ತಡ ತಕ್ಕಡಿಯಂತೆ ಏರಿಳಿಯುತ್ತದೆ, ಅದಕ್ಕೂ ನಮ್ಮ ಮಳೆಗೂ ನಂಟಿದೆ ಅಂತ ಅಂಕಿಗಳಲ್ಲಿ ಕಂಡುಹಿಡಿದ. ಆ ಕಚೇರಿ ಸಿಮ್ಲಾದಿಂದ ಪುಣೆಗೆ ಬಂದದ್ದು 1928ರಲ್ಲಿ. ಶಿವಾಜಿನಗರದ ಆ ಚೌಕಕ್ಕೆ ಜನ ಇಟ್ಟ ಹೆಸರು 'ಸಿಮ್ಲಾ ಆಫೀಸ್'. ಹುಡುಗನಾಗಿದ್ದಾಗ ಬಸ್ಸಿನಲ್ಲಿ ಕಂಡಕ್ಟರ್ "ಸಿಮ್ಲಾ ಆಫೀಸ್" ಅಂತ ಕೂಗಿದಾಗೆಲ್ಲ, ಇಲ್ಲಿಂದ ಸಿಮ್ಲಾಕ್ಕೆ ಟಿಕೆಟ್ ಕೊಡುತ್ತಾರೆ ಅಂದುಕೊಂಡಿದ್ದೆ!

ಇರಲಿ. ಈಗ ಘಟ್ಟಕ್ಕೆ ಬರೋಣ. ಶಾಲೆಯ ಚಿತ್ರದಲ್ಲಿ ಗುಡ್ಡದ ಮೇಲೆ ಬಿದ್ದ ನೀರು ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಲೋಣಾವಳದ ಪೂರ್ವಕ್ಕೆ ಬಿದ್ದದ್ದು ಪೂರ್ವಕ್ಕೇ, ಅಂದರೆ ನಮ್ಮ ಭೀಮೆಗೇ ಬರಬೇಕು. ಆದರೆ ಜಮಶೇಟಜಿ ಟಾಟಾ ಅವರ ಕಾಲದಲ್ಲೇ ಇನ್ನೊಂದು ಯೋಚನೆ ಹುಟ್ಟಿತ್ತು. ಘಟ್ಟದ ತಲೆಯ ಮೇಲೆ ಈ ನೀರನ್ನು ಕೆರೆ ಕಟ್ಟಿ ಹಿಡಿದು, ಪೂರ್ವಕ್ಕೆ ಬಿಡದೆ ಪಶ್ಚಿಮಕ್ಕೆ ತಿರುಗಿಸಿ, ಕೊಂಕಣಕ್ಕೆ ಒಮ್ಮೆಲೇ ಬೀಳಿಸಿದರೆ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು. 1915ರಲ್ಲಿ ಖೋಪೋಲಿ, 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ. ಇಂದ್ರಾಯಣಿಯ ಕಡೆಯ ನೀರು ಪಾತಾಳಗಂಗೆಗೂ ಉಲ್ಹಾಸಕ್ಕೂ, ಮುಳಾ ನದಿಯ ನೀರು ಕುಂಡಲಿಕೆಗೂ ಇಳಿದು ಮತ್ತೆ ಅರಬ್ಬಿ ಸಮುದ್ರಕ್ಕೆ. ಎಲ್ಲಿಂದ ಆವಿಯಾಗಿ ಎದ್ದು ಬಂದಿತ್ತೋ ಅಲ್ಲಿಗೇ! ಬಂಗಾಳ ಕೊಲ್ಲಿಗೆ ಹೋಗಬೇಕಿದ್ದ ಹನಿ ಹೊಸಿಲಲ್ಲೇ ತಿರುಗಿ ನಿಂತಂತೆ.

ಮುಳಶಿಯಲ್ಲಿ ಡ್ಯಾಮು ಕಟ್ಟುವಾಗ ಹೊಲ ಮುಳುಗುವ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರಿಗೆ 'ಸೇನಾಪತಿ' ಅನ್ನುವ ಹೆಸರು ಗಟ್ಟಿಯಾಗಿ ನಿಂತದ್ದು ಅಲ್ಲಿಂದ. ಮೂರು ವರ್ಷ ಹೋರಾಡಿ ಸೋತರು. ಆ ಹೋರಾಟ ಮೇಲಿನವರದು, ಹೊಲ ಮುಳುಗಿದವರದು. ಕೆಳಗೆ ಇಂಡಿ, ಅಫಜಲಪುರದ ಕಡೆ ನಮ್ಮ ಅಜ್ಜಂದಿರಿಗೆ ತಮ್ಮ ಹೊಳೆಯ ಒಂದು ಪಾಲು ಘಟ್ಟದ ಆ ಕಡೆ ಬಿತ್ತು ಅನ್ನುವ ಸುದ್ದಿಯಾದರೂ ಮುಟ್ಟಿತ್ತೋ ಇಲ್ಲವೋ. ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ 1976ರ ಅಂತಿಮ ಆದೇಶದಲ್ಲಿ ಈ ಪಶ್ಚಿಮದ ತಿರುವನ್ನು ಒಪ್ಪಿಕೊಂಡು ಮಿತಿ ಹಾಕಿತು: ಒಂದು ವರ್ಷಕ್ಕೆ ಹೆಚ್ಚೆಂದರೆ 54.5 ಟಿಎಂಸಿ. ಅದೇ ಆದೇಶದಲ್ಲಿ ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ ಬಳಸಬಹುದಾದದ್ದು 15 ಟಿಎಂಸಿ. ಇವೆರಡನ್ನು ಹೀಗೆ ಪಕ್ಕಪಕ್ಕ ಇಡುವುದು ಪೂರ್ತಿ ನ್ಯಾಯವಲ್ಲ ಅಂತ ನನಗೂ ಗೊತ್ತು. ಮುಂಬಯಿಯ ದೀಪಕ್ಕೂ ಬೆಲೆಯಿದೆ, ಆ ನೀರು ಇಳಿದ ಮೇಲೆ ಕೊಂಕಣದಲ್ಲಿ ಕುಡಿಯುವವರೂ ಇದ್ದಾರೆ. ಆದರೂ ಹೊಟ್ಟೆ ಒಮ್ಮೆ ಚುರ್ ಅನ್ನುತ್ತದೆ, ಮುಚ್ಚಿಡುವುದೇಕೆ?

ನಮ್ಮ ಮನೆತನ ಈ ಚಿತ್ರದೊಳಗೆ ಬಂದದ್ದು 1972ರಲ್ಲಿ. ಎರಡು ವರ್ಷ ಮೊದಲೇ ಮಳೆ ಹಿಂದೆ ಮುಂದೆ ಆಗಿತ್ತು, ಆ ವರ್ಷ ಕೈ ಕೊಟ್ಟೇಬಿಟ್ಟಿತು. ಅದೇ ವರ್ಷ ಪೆರು ದೇಶದ ದಂಡೆಯ ಸಮುದ್ರ ಬೆಚ್ಚಗಾಗಿ ಅಲ್ಲಿನ ಮೀನುಗಾರಿಕೆ ಕುಸಿದಿತ್ತು. ಈಗ ಎಲ್ಲರ ಬಾಯಲ್ಲಿರುವ ಎಲ್ ನಿನೋ, ವಾಕರ್ ಕಂಡ ತಕ್ಕಡಿಯ ಒಂದು ತಟ್ಟೆ. 1877ರಲ್ಲೂ ಹಾಗೇ ಆಗಿತ್ತು. ನಮ್ಮಪ್ಪನಿಗೆ ಪೆರು ಗೊತ್ತಿರಲಿಲ್ಲ. ಬಾವಿಯ ತಳ ಗೊತ್ತಿತ್ತು. ನಮ್ಮ ಕಡೆ ಕೆಳಗೆಲ್ಲ ಕರಿಕಲ್ಲು. ನೀರು ಹಿಡಿಯುವುದು ಮೇಲಿನ ಮೆತ್ತನೆಯ ಕಲ್ಲಿನಲ್ಲಿ, ಬಿರುಕುಗಳಲ್ಲಿ ಮಾತ್ರ, ಮರಳಿನ ನೆಲದಂತೆ ಹೊಟ್ಟೆ ತುಂಬ ಕುಡಿದು ಇಟ್ಟುಕೊಳ್ಳುವುದಿಲ್ಲ. ಎರಡು ಮಳೆಗಾಲ ತಪ್ಪಿದರೆ ಬಾವಿ ಮುಗಿಯಿತು. ಆದಿಲಶಾಹಿಗಳು ವಿಜಾಪುರದಲ್ಲಿ ತಾಜ ಬಾವಡಿ, ಬೇಗಂ ತಲಾಬ, ಮಣ್ಣಿನ ಕೊಳವೆ ಅಂತ ಅಷ್ಟೆಲ್ಲ ಕಟ್ಟಿದ್ದು ಶೋಕಿಗಲ್ಲ.

ಆರು ತಿಂಗಳು ಬರಗಾಲದ ಕಾಮಗಾರಿಯಲ್ಲಿ ಅಪ್ಪ-ಅವ್ವ ಖಡಿ ಒಡೆದರು. ಆಮೇಲೆ ಒಂದು ರಾತ್ರಿ ನಾನು, ತಂಗಿ, ಒಂದು ಗಂಟು, ಒಂದು ಹಿತ್ತಾಳೆ ಕೊಡ. ಪುಣೆಯ ಹಾದಿ. ತಮ್ಮ ಆಗಿನ್ನೂ ಕೂಸು, ಅಜ್ಜಿಯ ಹತ್ತಿರ ಬಿಟ್ಟು ಬಂದರು. ಅವನು ಅಲ್ಲೇ ಉಳಿದ, ನಾನು ಇಲ್ಲೇ ಉಳಿದೆ. ನಮ್ಮಿಬ್ಬರ ನಡುವಿನ ಗಡಿ ಅವತ್ತೇ ಬಿದ್ದದ್ದು, ಅದನ್ನು ಯಾವ ಆಯೋಗವೂ ಹಾಕಲಿಲ್ಲ.

ನಿಗಡಿ ಆಗ ಹಳ್ಳಿ. ಪಿಂಪರಿ-ಚಿಂಚವಡದಲ್ಲಿ ಕಾರ್ಖಾನೆಗಳು ಎದ್ದಿದ್ದವು, 1972ರಲ್ಲೇ ಹೊಸ ಊರು ಕಟ್ಟಲು ಪ್ರಾಧಿಕರಣ ಆಗಿತ್ತು. ಸೆಕ್ಟರುಗಳ ಗೆರೆ ಎಳೆದರು, ಗೆರೆಯ ಮೇಲೆ ನೆಲ ಅಗೆಯಲು ಜನ ಬೇಕಿತ್ತು. ವಿಜಾಪುರ, ಕಲಬುರಗಿ ಕಡೆಯಿಂದ ಬರಕ್ಕೆ ಎದ್ದು ಬಂದವರು ಬೇಕಾದಷ್ಟು ಇದ್ದರು. ಅಪ್ಪ ಇಲ್ಲಿ ಮಾಡಿದ ಮೊದಲ ಕೆಲಸ ನೀರಿನ ಪೈಪು ಹಾಕಲು ಚರಿ ತೋಡುವುದು. ಸಂಜೆ ಅವ್ವ ಅದೇ ಹಿತ್ತಾಳೆ ಕೊಡ ಹಿಡಿದು ದೂರದ ಬಾವಿಗೆ ಹೋಗುತ್ತಿದ್ದಳು. ನಮ್ಮ ಗುಡಿಸಲಿಗೆ ಪೈಪು ಇರಲಿಲ್ಲ. ಮನೆಯೊಳಗೆ ನಳ ಬಂದದ್ದು ಬಹಳ ವರ್ಷದ ಮೇಲೆ. ಅಪ್ಪ ಅವತ್ತು ನಳ ತಿರುಗಿಸಿ, ನೀರು ಬಂದದ್ದು ನೋಡಿ, ಬಂದ್ ಮಾಡಿ, ಮತ್ತೆ ತಿರುಗಿಸಿ ನೋಡಿದ. ಅವ್ವ "ಸಾಕು ಬಿಡ್ರಿ, ಖರ್ಚ ಆದೀತು" ಅಂದಳು.

ಆ ನಳದ ನೀರು ಪವನಾ ನದಿಯದು. ಮಾವಳದಲ್ಲಿ ಪವನಾ ಡ್ಯಾಮು, ಎಂಟೂವರೆ ಟಿಎಂಸಿ. ಅಲ್ಲಿಂದ ಬಿಟ್ಟ ನೀರು ಹೊಳೆಯಲ್ಲೇ ಹರಿದು ಬರುತ್ತದೆ, ರಾವೇತ ಬಂಧಾರದ ಹತ್ತಿರ ಎತ್ತಿ ನಮ್ಮ ನಿಗಡಿಯ ಸೆಕ್ಟರ್ 23ರಲ್ಲಿ ಶುದ್ಧ ಮಾಡಿ ಊರಿಗೆ ಹಂಚುತ್ತಾರೆ. ಹೊಳೆಯಲ್ಲಿ ಹರಿಸಿದರೆ ನೀರು ಸೋರುತ್ತದೆ, ಹೊಲಸಾಗುತ್ತದೆ, ಡ್ಯಾಮಿನಿಂದ ನೇರ ನಿಗಡಿಗೇ ಮುಚ್ಚಿದ ಪೈಪು ಹಾಕೋಣ ಅಂತ ಯೋಜನೆಯಾಯಿತು. ಮಾವಳದ ರೈತರಿಗೆ ದಿಗಿಲು. ನೀರು ಪೈಪು ಹೊಕ್ಕರೆ ಹೊಳೆಯ ಗತಿಯೇನು, ದಂಡೆಯ ಬಾವಿಗಳ ಗತಿಯೇನು? 2011ರ ಆಗಸ್ಟ್ 9ರಂದು ಬಊರ ಹತ್ತಿರ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಅವರು ರಸ್ತೆ ತಡೆದರು. ಪೊಲೀಸರ ಗುಂಡಿಗೆ ಮೂವರು ಸತ್ತರು. ಕೆಲಸ ವರ್ಷಗಟ್ಟಲೆ ನಿಂತುಹೋಯಿತು.

ಅವತ್ತು ರಾತ್ರಿ ಟಿವಿ ನೋಡುತ್ತ ಕೂತಿದ್ದೆ. ಎದುರಿಗೆ ಸ್ಟೀಲಿನ ಲೋಟದಲ್ಲಿ ನೀರು. ನಮ್ಮ ಹೊಳೆಯ ನೀರು ಮೇಲಿನವರು ಹಿಡಿದಿಟ್ಟುಕೊಂಡರು ಅಂತ ನಮ್ಮೂರಿನ ಕಟ್ಟೆಯ ಮೇಲೆ ಬೈಯುವ ಮಾತು ಹುಡುಗನಿಂದ ಕೇಳಿದವನು ನಾನು. ಮಾವಳದವರು ಬೈಯುತ್ತಿದ್ದದ್ದು ಕೆಳಗಿನ ಊರಿನವರನ್ನು, ಅಂದರೆ ನನ್ನನ್ನು. ಒಂದೇ ಹೊಳೆಗೆ ನಾನು ಮೇಲಿನವನೂ ಹೌದು, ಕೆಳಗಿನವನೂ ಹೌದು. ಆ ಲೋಟದ ನೀರು ಕುಡಿಯಲು ಸ್ವಲ್ಪ ಹೊತ್ತು ಹಿಡಿಯಿತು.

2019ರ ನವೆಂಬರಿನಲ್ಲಿ ನಮ್ಮಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಶುರುವಾಯಿತು. ಡ್ಯಾಮು ತುಂಬಿದ ವರ್ಷವೇ! ಊರು ಬೆಳೆದ ವೇಗಕ್ಕೆ ಪೈಪು ಸಾಲದು. ಸೊಸೈಟಿಗಳ ಮುಂದೆ ಟ್ಯಾಂಕರ್ ನಿಂತಾಗ, 'ಪ್ರಾಧಿಕರಣದಾಗ ಇರೋ ಶ್ರೀಮಂತ ಅಣ್ಣಗೂ ನೀರಿಲ್ಲೇನು' ಅಂತ ತಮ್ಮ ನಕ್ಕ.

ಇನ್ನು ಕೆಳಗೆ ಏನು ಹೋಗುತ್ತದೆ ಅನ್ನುವ ಮಾತು. ಮನೆಗೆ ಬಂದ ನೀರಿನಲ್ಲಿ ಸುಮಾರು ಎಂಬತ್ತು ಪಾಲು ಗಟಾರಕ್ಕೆ ಹೋಗುತ್ತದೆ ಅಂತ ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ನಿಗಡಿಯಲ್ಲಿ ನಳ ತಿರುಗಿಸಿದರೆ ನೀರು ಮುಗಿಯುವುದಿಲ್ಲ, ಬಣ್ಣ ಬದಲಿಸಿ ಮುಂದೆ ಹೋಗುತ್ತದೆ. ಅದರಲ್ಲಿ ಶುದ್ಧವಾದದ್ದೂ ಇದೆ, ಆಗದೆ ಹಾಗೇ ಹೋದದ್ದೂ ಇದೆ. ಬೇಸಿಗೆಯಲ್ಲಿ ಪವನಾ ಮೇಲೆ ಅಂತರಗಂಗೆ ಹಾಸಿದ್ದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪುಣೆ, ಪಿಂಪರಿ ಎರಡರದ್ದೂ ಸೇರಿ ಉಜನಿಗೆ ಹೋಗಿ ನಿಲ್ಲುತ್ತದೆ. ಅದನ್ನೇ ಸೋಲಾಪುರ ಕುಡಿಯುತ್ತದೆ. ಸೂರ್ಯ ಸಮುದ್ರದ ನೀರೆತ್ತುವಾಗ ಉಪ್ಪನ್ನು ಬಿಟ್ಟೆತ್ತುತ್ತಾನೆ. ನಾವು ಗಟಾರಕ್ಕೆ ಬಿಟ್ಟದ್ದನ್ನು ಅವನು ಉಜನಿಯಲ್ಲೇ ಬಿಟ್ಟು ಬರೀ ನೀರನ್ನು ಒಯ್ಯುತ್ತಾನೆ. ಉಜನಿ 1980ರಲ್ಲಿ ಮುಗಿದ ಡ್ಯಾಮು, ಅಗಲ ಹೆಚ್ಚು, ಆಳ ಕಮ್ಮಿ, ಬೇಸಿಗೆಯ ಬಿಸಿಲಿಗೆ ಆವಿಯಾಗಿ ಹೋಗುವುದೇ ಬೇಕಾದಷ್ಟು. ಉಳಿದದ್ದರಲ್ಲಿ ದೊಡ್ಡ ಪಾಲು ಕಬ್ಬಿನ ಎಲೆಗಳ ಮೂಲಕ ಆಕಾಶಕ್ಕೆ. ಎಲೆ ನೀರು ಬಿಡುವುದೂ ಜಲಚಕ್ರದ ಭಾಗವೇ, ಪುಸ್ತಕದಲ್ಲಿ ಹಸಿರು ಬಾಣ ಹಾಕಿರುತ್ತಾರೆ. ಸೋಲಾಪುರದವರಿಗೆ ಬೈಯೋಣ ಅಂದರೆ ನನ್ನ ತಮ್ಮನೂ ಎರಡು ಎಕರೆ ಕಬ್ಬು ಹಚ್ಚಿದ್ದಾನೆ. ಕೇಳಿದರೆ, "ಜ್ವಾಳಕ್ಕ ರೇಟ್ ಎಲ್ಲೈತಿ ಅಣ್ಣಾ" ಅನ್ನುತ್ತಾನೆ. ನನ್ನ ಬಳಿ ಉತ್ತರವಿಲ್ಲ.

2020ರ ಅಕ್ಟೋಬರಿನಲ್ಲಿ ಅವನ ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಂತು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ 13ರಂದು ಕಾಕಿನಾಡ ಹತ್ತಿರ ದಂಡೆ ಹತ್ತಿ, ತೆಲಂಗಾಣ ದಾಟಿ, ಕಲಬುರಗಿ, ಸೋಲಾಪುರ, ಪುಣೆಯ ಮೇಲೆ ಸುರಿಯುತ್ತ ಅರಬ್ಬಿ ಸಮುದ್ರದ ಕಡೆ ಹೊರಟಿತ್ತು. ಭೀಮೆಯ ನೀರು ಕೃಷ್ಣೆಯ ಕೂಡ ಹರಿದು ಮುಟ್ಟುವುದು ಅದೇ ಕೊಲ್ಲಿಯನ್ನು. ಹೋದ ದಾರಿಯಲ್ಲೇ ನೀರು ಆಕಾಶದಲ್ಲಿ ಮರಳಿ ಬಂದಂತೆ. ಉಜನಿ ತುಂಬಿತ್ತು, ನೀರಾ ನದಿಯ ವೀರ ಡ್ಯಾಮಿನಿಂದಲೂ ನೀರು. ಭೀಮೆ ದಂಡೆ ಮೀರಿ ಇಂಡಿ, ಅಫಜಲಪುರದ ಹಳ್ಳಿಗಳಿಗೆ ನುಗ್ಗಿತು. "ಅಣ್ಣಾ, ತೊಗರಿ ಹೋತು, ಕಬ್ಬು ಮಲಗೇತಿ. ಎಲ್ಲಾರೂ ಸಾಲಿ ಗುಡಿಯಾಗ ಅದೀವಿ. ನಿಮ್ಮ ಕಡೆಯವ್ರಿಗೆ ನೀರು ನಿಲ್ಲಸಂತ ಹೇಳು" ಅಂದ. ಹಿಂದೆ ಎಮ್ಮೆ ಒದರುವುದು ಕೇಳುತ್ತಿತ್ತು. ನಾನು ನಗಲಿಲ್ಲ, ರೇಗಲೂ ಇಲ್ಲ. "ಹೇಳ್ತೀನಿ" ಅಂದೆ.

ಈ ವರ್ಷ ಮಿರಗ ಕೂಡಿದ ಮೇಲೆ ಒಂದು ಸಂಜೆ ದುರ್ಗಾ ಟೇಕಡಿ ಹತ್ತಿದ್ದೆ. ಪಶ್ಚಿಮಕ್ಕೆ ಘಟ್ಟದ ಮೇಲೆ ಕರಿ ಮೋಡ ಕವಿದಿತ್ತು, ಕೆಳಗೆ ಹೆದ್ದಾರಿಯಲ್ಲಿ ಪಾಲಖಿಯ ಮೆರವಣಿಗೆಗೆ ಮಂಟಪ ಹಾಕುತ್ತಿದ್ದರು. ತುಕಾರಾಮರ ಪಾಲಖಿ ದೇಹುವಿನಿಂದ ಹೊರಟು ನಿಗಡಿಯ ಮೇಲೆ ಹಾದು ಆಕುರ್ಡಿಯಲ್ಲಿ ರಾತ್ರಿ ಉಳಿಯುತ್ತದೆ. ಅದೂ ಪಂಢರಪುರಕ್ಕೇ, ಭೀಮೆಯ ದಂಡೆಗೇ ಹೋಗುವಂಥದ್ದು. ಮೊದಲ ದೊಡ್ಡ ಹನಿ ಬಿದ್ದಾಗ ಫೋನು ತೆಗೆದು ತಮ್ಮನಿಗೆ ನಾನೇ ಹಚ್ಚಿದೆ.

"ಇಲ್ಲಿ ಸುರು ಆತು ನೋಡು" ಅಂದೆ.

"ಹೌದಾ? ಇಲ್ಲಿಗಿ ಯಾವಾಗ ಮುಟ್ತೈತಿ?"

"ಮೊದಲ ಪವನಾ ತುಂಬಬೇಕು, ಆಮ್ಯಾಲ ಉಜನಿ. ಆಗಸ್ಟ್ ತನಕ ತಡಿ."

"ತಡೀತೀವಿ ತಗೋ," ಅಂದ. "ನೀ ಮಾತ್ರ ಮಳ್ಯಾಗ ನೆನೀಬ್ಯಾಡ, ಮನಿಗಿ ಹೋಗು."